ಅರ್ಧ ತುಂಬಿದ್ದ ಟ್ಯಾಂಕು

2024ರ ಜನವರಿ 2, ಮಂಗಳವಾರ. ನಮ್ಮ ಕಚೇರಿಯಲ್ಲಿ ಹೊಸ ವರ್ಷದ ಶುಭಾಶಯಗಳ ವಿನಿಮಯ ಇನ್ನೂ ಮುಗಿದಿರಲಿಲ್ಲ. ಹನ್ನೆರಡು ಗಂಟೆಯ ಸುಮಾರಿಗೆ ಪಕ್ಕದ ಮೇಜಿನ ಸಹೋದ್ಯೋಗಿ ಮೊಬೈಲಿನಿಂದ ತಲೆಯೆತ್ತಿ, "ಸಾರ್, ಇನ್ನು ಮೂರು ದಿನ ಹೈದರಾಬಾದಿನಲ್ಲಿ ಪೆಟ್ರೋಲ್ ಸಿಗೋದಿಲ್ಲವಂತೆ" ಎಂದರು. ಆ 'ಅಂತೆ'ಯ ಮೂಲ ಯಾವುದೆಂದು ನಾವು ವಿಚಾರಿಸಲಿಲ್ಲ. ಇಪ್ಪತ್ತು ವರ್ಷಗಳ ಕೇಂದ್ರ ಸರ್ಕಾರಿ ನೌಕರಿಯಲ್ಲಿ ಸಹಿಯಿಲ್ಲದ ಒಂದು ಕಾಗದವನ್ನೂ ಮುಂದಕ್ಕೆ ಕಳಿಸಿದವರಲ್ಲ ನಾವು. ಅಂಥವರು ಸಹಿಯೂ ಇಲ್ಲದ, ಕಾಗದವೂ ಅಲ್ಲದ ಒಂದು ಮಾತನ್ನು ನಂಬಿ ಅರ್ಧ ದಿನದ ಸಾಂದರ್ಭಿಕ ರಜೆ ಬರೆದುಕೊಟ್ಟು, ಮೆಟ್ರೋ ಹಿಡಿದು ಹಬ್ಸಿಗೂಡದ ಮನೆಗೆ ಬಂದು, ಸೆಲ್ಲಾರಿನಲ್ಲಿ ನಿಂತಿದ್ದ ಕಾರನ್ನು ಹೊರತೆಗೆದೆವು.

ಬಂಕಿನ ಸರದಿ ಮುಖ್ಯರಸ್ತೆಗೆ ಚಾಚಿ, ಮೆಟ್ರೋ ಕಂಬಗಳ ಉದ್ದಕ್ಕೂ ಬೆಳೆದಿತ್ತು. ಕೆಲವರು ಪೆಟ್ರೋಲು ಮುಗಿದ ಬೈಕನ್ನು ತಳ್ಳಿಕೊಂಡು ಬಂದಿದ್ದರು. ಕೆಲವರ ಕೈಯಲ್ಲಿ ನೀರಿನ ಬಾಟಲಿಗಳಿದ್ದವು. ಬಂಕಿನ ಹುಡುಗರು ಅವನ್ನು ತುಂಬಲು ಒಪ್ಪುತ್ತಿರಲಿಲ್ಲ. ಕೂಗಾಟವಿರಲಿಲ್ಲ, ನೂಕುನುಗ್ಗಲೂ ಇರಲಿಲ್ಲ. ಎಲ್ಲರೂ ಸಭ್ಯರೇ. ಒಬ್ಬರಿಗೊಬ್ಬರು ದಾರಿ ಬಿಡುತ್ತ, "ನಿಮಗೆ ಎಲ್ಲಿಂದ ಸುದ್ದಿ ಬಂತು?" ಎಂದು ವಿಚಾರಿಸುತ್ತ ನಿಂತಿದ್ದರು. ಒಂದೂವರೆ ಗಂಟೆಯ ಬಳಿಕ ನಮ್ಮ ಸರದಿ ಬಂತು. ಕಾರಿನ ಮುಳ್ಳು ಅರ್ಧಕ್ಕಿಂತ ಮೇಲೆಯೇ ಇತ್ತು. ಹುಡುಗ "ಎಷ್ಟು ಸಾರ್?" ಎಂದ. "ಫುಲ್" ಎಂದೆವು. ಲೀಟರಿಗೆ ₹109.66ರ ದರದಲ್ಲಿ ಹದಿನಾಲ್ಕು ಲೀಟರಿಗೆ ಕೊಂಚ ಕಡಿಮೆ ಹಿಡಿಯಿತು. ಗೆದ್ದವರ ಮುಖ ಹೊತ್ತು ಮನೆಗೆ ಮರಳಿದೆವು.

ಆ ದಿನ ನಡೆದದ್ದಿಷ್ಟು. ಹಳೆಯ ಭಾರತೀಯ ದಂಡ ಸಂಹಿತೆಯ ಬದಲಿಗೆ ರೂಪಿಸಿದ ಭಾರತೀಯ ನ್ಯಾಯ ಸಂಹಿತೆಗೆ 2023ರ ಡಿಸೆಂಬರ್ 25ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತ್ತು. ಅದರ 106ನೆಯ ಕಲಮಿನ ಎರಡನೆಯ ಉಪಕಲಮಿನ ಪ್ರಕಾರ, ಅಜಾಗರೂಕ ಚಾಲನೆಯಿಂದ ಒಬ್ಬರ ಸಾವಿಗೆ ಕಾರಣನಾಗಿ, ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸದೆ ಪರಾರಿಯಾದ ಚಾಲಕನಿಗೆ ಹತ್ತು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಹಳೆಯ ಸಂಹಿತೆಯ 304ಎ ಕಲಮಿನಲ್ಲಿ ಅಜಾಗರೂಕತೆಯಿಂದಾದ ಸಾವಿಗೆ ಇದ್ದ ಗರಿಷ್ಠ ಸೆರೆವಾಸ ಎರಡೇ ವರ್ಷ. ಲಾರಿ ಮತ್ತು ಟ್ಯಾಂಕರ್ ಚಾಲಕರು ಇದನ್ನು ವಿರೋಧಿಸಿ ಹೊಸ ವರ್ಷದ ಮೊದಲ ದಿನವೇ ದೇಶದ ಹಲವೆಡೆ ಗಾಲಿ ನಿಲ್ಲಿಸಿದರು. ದಂಡ ಏಳು ಲಕ್ಷ ರೂಪಾಯಿ ಎಂಬ ಮಾತೂ ಹಬ್ಬಿತು. ಕಾನೂನಿನ ಪಠ್ಯದಲ್ಲಿ ಅಂಥ ಮೊತ್ತವೇ ಇಲ್ಲ. ಆ ಕಲಮಿನ ಸರಿತಪ್ಪು ನಮ್ಮಂಥ ನೌಕರರು ಬರೆಯತಕ್ಕ ವಿಷಯವಲ್ಲ. ನಾವು ಬರೆಯಬಹುದಾದದ್ದು ನಮ್ಮ ಟ್ಯಾಂಕಿನ ವಿಷಯ ಮಾತ್ರ.

ಮುಷ್ಕರ ನಿಜ, ಟ್ಯಾಂಕರುಗಳು ನಿಂತದ್ದೂ ನಿಜ. ಆದರೆ ಅಂದು ಸಂಜೆಯ ಹೊತ್ತಿಗೆ ಹೈದರಾಬಾದಿನ ಎಷ್ಟೋ ಬಂಕುಗಳ ಮುಂದೆ 'ನೋ ಸ್ಟಾಕ್' ಫಲಕ ತೂಗಿದ್ದಕ್ಕೆ ಮುಷ್ಕರವೊಂದೇ ಕಾರಣವಲ್ಲ. ತೈಲ ಕಂಪನಿಗಳ ಬೃಹತ್ ದಾಸ್ತಾನುಗಳಿರುವ ಚರ್ಲಪಲ್ಲಿ ನಮ್ಮ ಮನೆಯಿಂದ ಬಹಳ ದೂರವೇನಲ್ಲ. ನಗರದಲ್ಲಿ ಎಣ್ಣೆ ಇತ್ತು. ಅದು ಎಲ್ಲರ ಟ್ಯಾಂಕಿಗೂ ಒಂದೇ ದಿನ ಇಳಿಯುವಂತಿರಲಿಲ್ಲ, ಅಷ್ಟೆ. ಲೆಕ್ಕ ಹಾಕಿ ನೋಡಿ. ಒಂದು ಬಡಾವಣೆಯಲ್ಲಿ ಸಾವಿರ ಸ್ಕೂಟರುಗಳಿವೆ ಎನ್ನಿ. ಒಬ್ಬೊಬ್ಬರೂ ನಾಲ್ಕು ದಿನಕ್ಕೊಮ್ಮೆ ₹200ರ ಪೆಟ್ರೋಲು ಹಾಕಿಸುವವರು. ದಿನಕ್ಕೆ 250 ಸ್ಕೂಟರು, ಒಟ್ಟು 450 ಲೀಟರು. ಸುದ್ದಿ ಹಬ್ಬಿದ ದಿನ ಸಾವಿರವೂ ಒಟ್ಟಿಗೆ ಬಂದು ತಲಾ ಎಂಟು ಲೀಟರು ಕೇಳಿದರೆ 8,000 ಲೀಟರು. ಅಂದರೆ ಹದಿನೇಳು ದಿನಗಳಿಗೂ ಮಿಕ್ಕಿದ ಮಾರಾಟ ಒಂದೇ ದಿನದಲ್ಲಿ! ಅಂಥ ದಿನಕ್ಕೆಂದು ಯಾವ ಬಂಕನ್ನೂ ಕಟ್ಟಿರುವುದಿಲ್ಲ. ಹನಿ ಹನಿ ಕೂಡಿ ಹಳ್ಳವಾಗುವುದು ನಿಜವಾದರೆ, ಹನಿ ಹನಿ ಮೊಗೆದು ಹಳ್ಳ ಬತ್ತುವುದೂ ನಿಜ. ಮೊಗೆದವರಾರೂ ತಾವು ಹಳ್ಳ ಬತ್ತಿಸಿದೆವೆಂದು ತಿಳಿಯುವುದಿಲ್ಲ. ಅವರ ಬೊಗಸೆಯಲ್ಲಿದ್ದುದು ಒಂದು ಬೊಗಸೆ ಮಾತ್ರ.

ಅಂದು ಸಂಜೆ ಏಳೂವರೆಗೆ ಕರೆಗಂಟೆ ಬಾರಿಸಿತು. ನಮ್ಮ ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ, ಸಿಕಂದರಾಬಾದಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ವಾರಕ್ಕೆ ನಾಲ್ಕು ರಾತ್ರಿ ಪಾಳಿ. ಕೈಯಲ್ಲಿ ಹೆಲ್ಮೆಟ್ಟು ಹಿಡಿದು ನಿಂತಿದ್ದಳು. "ಅಂಕಲ್, ಪೆಟ್ರೋಲ್ ಎಲ್ಲಾದರೂ ಸಿಗ್ತಾ ಇದೆಯಾ? ಮೂರು ಬಂಕ್ ನೋಡಿ ಬಂದೆ, ಎರಡು ಗಂಟೆ ನಿಂತೆ. ನಮ್ಮ ಬಂಕಿನಲ್ಲಿ ನಾಲ್ಕಕ್ಕೇ ಮುಗಿಯಿತಂತೆ" ಎಂದಳು. 'ನಮ್ಮ ಬಂಕು' ಎಂದರೆ ನಾವು ಮಧ್ಯಾಹ್ನ ನಿಂತಿದ್ದ ಬಂಕೇ. ನಾವು ಮೆಟ್ರೋದಲ್ಲಿ ಹೋಗಲು ಹೇಳಿದೆವು. ಉಪಯುಕ್ತವಾದ ಸಲಹೆಯೇ. ಆಕೆ ಥ್ಯಾಂಕ್ಸ್ ಹೇಳಿ ಮೆಟ್ಟಿಲಿಳಿದು ಹೋದಳು. ನಮ್ಮ ಕಾರಿನಲ್ಲಿ ಅಂಚಿನವರೆಗೆ ಪೆಟ್ರೋಲು ತುಂಬಿದೆ, ಆಸ್ಪತ್ರೆಯವರೆಗೆ ಬಿಟ್ಟುಬರಬಹುದು ಎಂಬುದು ನಮಗೆ ಹೊಳೆಯಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಹೊಳೆಯಿತು. ಹೊಳೆದ ಮರುಗಳಿಗೆಯಲ್ಲೇ, 'ಮೂರು ದಿನವಂತೆ, ನಮಗೇ ಬೇಕಾದರೆ?' ಎಂಬುದೂ ಹೊಳೆಯಿತು. ಬಾಗಿಲು ಹಾಕಿದೆವು.

ಆ ರಾತ್ರಿಯೇ ದೆಹಲಿಯಲ್ಲಿ ಗೃಹ ಕಾರ್ಯದರ್ಶಿಗಳು ಲಾರಿ ಮಾಲೀಕರ ಸಂಘಟನೆಯವರೊಡನೆ ಮಾತಾಡಿ, ಸಮಾಲೋಚನೆ ನಡೆಸಿದ ಮೇಲೆಯೇ ಆ ಉಪಕಲಮನ್ನು ಜಾರಿಗೆ ತರುವ ತೀರ್ಮಾನವಾಗುವುದೆಂದು ಪ್ರಕಟಿಸಿದರು. ಚಾಲಕರು ಕೆಲಸಕ್ಕೆ ಮರಳಿದರು. ಮರುದಿನ ನಗರವೆಲ್ಲ ಒಂದು ವಿಡಿಯೋ ನೋಡಿ ನಗುತ್ತಿತ್ತು: ಚಂಚಲಗೂಡದಲ್ಲಿ ಊಟ ತಲುಪಿಸುವ ಹುಡುಗನೊಬ್ಬ ಬೆನ್ನಿಗೆ ಚೀಲ ಹೊತ್ತು, ಕುದುರೆಯೇರಿ ಹೊರಟಿದ್ದ. ನಾವೂ ನಕ್ಕೆವು. ಅವತ್ತೇ ಮೆಟ್ಟಿಲಲ್ಲಿ ಆ ಹುಡುಗಿ ಎದುರಾದಳು. ಒಂದೂವರೆ ಗಂಟೆ ತಡವಾಯಿತಂತೆ. ಆಕೆ ಬರುವವರೆಗೆ, ಹನ್ನೆರಡು ಗಂಟೆ ದುಡಿದು ನಿಂತಿದ್ದ ಇನ್ನೊಬ್ಬ ನರ್ಸ್ ವಾರ್ಡು ಬಿಟ್ಟು ಕದಲುವಂತಿರಲಿಲ್ಲವಂತೆ. "ಆಕೆಗೆ ಮನೆಯಲ್ಲಿ ಚಿಕ್ಕ ಮಗು ಇದೆ ಅಂಕಲ್, ಪಾಪ" ಎಂದಳು. ದೂರುವ ಧ್ವನಿಯಲ್ಲಿ ಹೇಳಲಿಲ್ಲ. ನಮ್ಮ ಹದಿನಾಲ್ಕು ಲೀಟರು ಏಳು ಸ್ಕೂಟರುಗಳಿಗೆ ₹200ರಂತೆ ಸಾಕಾಗುತ್ತಿತ್ತೆಂದು ನಾವು ಆಗ ಮೊದಲ ಬಾರಿಗೆ ಲೆಕ್ಕ ಹಾಕಿದೆವು. ಏಳರಲ್ಲಿ ಒಂದು ಆಕೆಯದಾಗಬಹುದಿತ್ತು. ಕಾರು ಮಾತ್ರ ಶನಿವಾರದವರೆಗೆ ಸೆಲ್ಲಾರಿನಿಂದ ಅಲುಗಲಿಲ್ಲ. ನಾವು ಎಂದಿನಂತೆ ಮೆಟ್ರೋದಲ್ಲೇ ಕಚೇರಿಗೆ ಹೋಗಿಬಂದೆವು.

ಆ ಭಾನುವಾರ ಅಮೆರಿಕದ ಟೆಕ್ಸಾಸಿನಿಂದ ನಮ್ಮ ಭಾವಮೈದುನನ ಫೋನು ಬಂತು. ಅವನು ಗುರಿಹೊಡೆಯುವ ಹವ್ಯಾಸದವನು. ಹಾರಿಸಿದ ತೋಟಾಗಳ ಖಾಲಿ ಕೋಶಗಳನ್ನು ಆರಿಸಿ ತಂದು ಮನೆಯಲ್ಲೇ ಮತ್ತೆ ತುಂಬುತ್ತಾನೆ. ನಮ್ಮ ಕಥೆ ಕೇಳಿ, "ಭಾವ, ಇದನ್ನ ನಾವು ಎರಡೆರಡು ಸಲ ನೋಡಿದೀವಿ" ಎಂದ. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ನ್ಯೂಟೌನಿನಲ್ಲಿ, ಸ್ಯಾಂಡಿ ಹುಕ್ ಶಾಲೆಯ 20 ಮಕ್ಕಳೂ 6 ಮಂದಿ ಸಿಬ್ಬಂದಿಯೂ ಗುಂಡಿಗೆ ಬಲಿಯಾದರು. ಬಂದೂಕಿನ ಕಾನೂನು ಬಿಗಿಯಾದೀತೆಂಬ ಭಯ ಹುಟ್ಟಿದ್ದೇ ತಡ, ಜನ ತೋಟಾಗಳ ಮೇಲೆ ಮುಗಿಬಿದ್ದರು. ಹುಡುಗರು ಅಭ್ಯಾಸಕ್ಕೆ ಬಳಸುವ ಅಗ್ಗದ .22 ತೋಟಾ ಕೂಡ ಅಂಗಡಿಗಳಿಂದ ಮಾಯವಾಯಿತು. ಬೆಳಗಿನ ಜಾವವೇ ಅಂಗಡಿಯ ಮುಂದೆ ಸಾಲು, ಒಬ್ಬರಿಗೆ ಇಷ್ಟೇ ಪೆಟ್ಟಿಗೆ ಎಂಬ ಚೀಟಿ. ಬಂದೂಕು ಕೊಳ್ಳುವವರ ಪೂರ್ವಾಪರ ಪರಿಶೀಲನೆಯನ್ನು ವಿಸ್ತರಿಸುವ ಪ್ರಸ್ತಾಪ 2013ರ ಏಪ್ರಿಲಿನಲ್ಲಿ ಅಲ್ಲಿನ ಸೆನೆಟ್ಟಿನಲ್ಲಿ ಬಿದ್ದುಹೋಯಿತು. ಕಾನೂನು ಬರಲಿಲ್ಲ, ಅಭಾವ ಮಾತ್ರ ಮುಂದಿನ ವರ್ಷಕ್ಕೂ ಉಳಿಯಿತು. 'ಸಿಗುವುದಿಲ್ಲವಂತೆ' ಎಂದು ಒಬ್ಬರು ಎರಡು ಪೆಟ್ಟಿಗೆ ಕೊಂಡರೆ, ಮುಂದಿನವರಿಗೆ ನಿಜವಾಗಿಯೇ ಸಿಗುತ್ತಿರಲಿಲ್ಲ.

2020ರಲ್ಲಿ ಕೊರೊನಾದ ಹೊತ್ತಿಗೆ ಮತ್ತೆ ಅದೇ ಆಯಿತು. ಈ ಸಲ ಮನೆಯಲ್ಲಿ ತುಂಬಿಕೊಳ್ಳುವವರೂ ಪಾರಾಗಲಿಲ್ಲ. ಒಂದು ತೋಟಾಕ್ಕೆ ಬೇಕಾದವು ನಾಲ್ಕು: ಹಿತ್ತಾಳೆಯ ಕೋಶ, ಮದ್ದು, ಗುಂಡು, ಮತ್ತು ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಎಂಬ ಪುಟ್ಟ ಬಟ್ಟಲು. ಕೋಶವನ್ನು ಹಲವು ಬಾರಿ ಬಳಸಬಹುದು. ಪ್ರೈಮರ್ ಒಮ್ಮೆ ಸಿಡಿದರೆ ಮುಗಿಯಿತು, ಮನೆಯಲ್ಲಿ ಮಾಡಿಕೊಳ್ಳುವಂಥದೂ ಅಲ್ಲ. ಅಷ್ಟು ದೊಡ್ಡ ದೇಶದಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಹೆಸರುಗಳು ಬೆರಳೆಣಿಕೆಯಷ್ಟು. "ಡಬ್ಬಿ ತುಂಬ ಖಾಲಿ ಕೋಶ ಇಟ್ಟುಕೊಂಡು ಒಂದು ವರ್ಷ ಸುಮ್ಮನೆ ಕೂತಿದ್ದೆ" ಎಂದ. ಸ್ವಲ್ಪ ತಡೆದು, "ಆದರೆ ನನ್ನ ಗೆಳೆಯನೊಬ್ಬನ ಗ್ಯಾರೇಜಿನಲ್ಲಿ ಹತ್ತು ಸಾವಿರ ಪ್ರೈಮರ್ ಇದ್ದವು. ಅವನೂ ಹಾರಿಸಲಿಲ್ಲ, ಮತ್ತೆ ಸಿಗುತ್ತೋ ಇಲ್ಲವೋ ಅಂತ" ಎಂದು ನಕ್ಕ.

ಆ ನಗು ಕೇಳಿದಾಗ ನಮಗೆ ತೀರ್ಥಹಳ್ಳಿ ಸೀಮೆಯ ಅಜ್ಜನ ಮನೆ ನೆನಪಾಯಿತು. ಅಜ್ಜನಲ್ಲಿ ಒಂದು ಕೇಪಿನ ಕೋವಿ ಇತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಸರಳಿನಿಂದ ಜಡಿದು, ಚರೆ ಹಾಕಿ, ಮತ್ತೆ ನಾರು ಜಡಿದು, ಕೊನೆಗೆ ಹಿಂಬದಿಯ ಮೊಳೆಗೆ ಕೇಪು ಕೂರಿಸಬೇಕು. ಈಗ ಯೋಚಿಸಿದರೆ ಆ ಕೇಪೂ ಈ ಪ್ರೈಮರೂ ಒಂದೇ ಕುಲದವು. ಪರವಾನಗಿಯ ಪುಸ್ತಕದಲ್ಲಿ ಒಂದು ಸಲಕ್ಕೆ ಇಷ್ಟು, ವರ್ಷಕ್ಕೆ ಇಷ್ಟು ಎಂದು ನಮೂದಾಗಿರುತ್ತಿತ್ತು. ಶಿವಮೊಗ್ಗದ ಅಂಗಡಿಯವರು ಅದರಲ್ಲಿ ಬರೆದುಕೊಂಡೇ ಕೊಡುತ್ತಿದ್ದರು. ಹಾಗೆ ತಂದ ಕೇಪುಗಳನ್ನು ಅಜ್ಜ ನಶ್ಯದ ಡಬ್ಬಿಯೊಂದರಲ್ಲಿ ಹತ್ತಿ ಸುತ್ತಿ, ಮಳೆಗಾಲದಲ್ಲಿ ಥಂಡಿ ಹಿಡಿಯದಂತೆ ಒಲೆಯಿಂದ ದೂರದ, ಆದರೆ ಬೆಚ್ಚಗಿರುವ ಅಟ್ಟದ ಮೂಲೆಯಲ್ಲಿಡುತ್ತಿದ್ದರು. ಮಂಗಗಳ ಹಿಂಡು ತೋಟಕ್ಕಿಳಿದಾಗ ಚರೆಯಿಲ್ಲದೆ ಬರೀ ಮದ್ದು ಜಡಿದು ಒಂದು ಈಡು ಹಾರಿಸುವುದು, ಅಷ್ಟೇ ಅದರ ಕೆಲಸ.

ಒಂದು ವರ್ಷ ಪಕ್ಕದ ಮನೆಯವರ ಕೇಪುಗಳು ಥಂಡಿಗೆ ಕೆಟ್ಟುಹೋಗಿ, ಅವರ ತೋಟದ ಮೇಲೆ ಮಂಗಗಳ ದಾಳಿ ನಡೆದಿತ್ತು. ನಾವಾಗ ಹತ್ತು ವರ್ಷದವರು. ಅಜ್ಜ ಡಬ್ಬಿ ತೆಗೆದು ಕೇಪುಗಳನ್ನು ಎಣಿಸಿದರು. ಹನ್ನೊಂದಿದ್ದವು. ತಮ್ಮ ಕೋವಿ ಹೆಗಲಿಗೇರಿಸಿಕೊಂಡು, ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು, ಬೇಲಿ ದಾಟಿ ಅವರ ತೋಟಕ್ಕೇ ಹೋಗಿ ಎರಡು ಈಡು ಹಾರಿಸಿ ಬಂದರು. "ನಮಗೆ ಕಡಿಮೆಯಾದರೆ?" ಎಂದು ಅಜ್ಜಿ ಕೇಳಿದ್ದು ನೆನಪಿದೆ. "ಅವರ ತೋಟದಲ್ಲಿ ನಿಂತ ಮಂಗ ನಾಳೆ ಎಲ್ಲಿಗೆ ಬರುತ್ತೆ ಮಾರಾಯ್ತಿ?" ಎಂದರು ಅಜ್ಜ. ಅದು ಔದಾರ್ಯವೂ ಹೌದು, ಲೆಕ್ಕವೂ ಹೌದು. ಅವೆರಡೂ ಬೇರೆ ಬೇರೆಯೆಂದು ಅಜ್ಜನಿಗೆ ಯಾರೂ ಕಲಿಸಿರಲಿಲ್ಲ.

ಕೂಡಿಡುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಮಲೆನಾಡಿನಲ್ಲಿ ಕೂಡಿಡದವರು ಮಳೆಗಾಲ ಕಳೆಯುವುದೆಂತು? ಸೌದೆ, ಹಪ್ಪಳ, ಉಪ್ಪಿನಕಾಯಿ, ಅಕ್ಕಿಮುಡಿ ಎಲ್ಲವೂ ಬೇಸಗೆಯಲ್ಲೇ ಮನೆ ಸೇರುತ್ತಿದ್ದವು. ಎಂ.ಎ. ತರಗತಿಯಲ್ಲಿ ಓದಿದ ಡೇನಿಯಲ್ ಡಿಫೋನ 'ಎ ಜರ್ನಲ್ ಆಫ್ ದ ಪ್ಲೇಗ್ ಇಯರ್' 1722ರಲ್ಲಿ ಪ್ರಕಟವಾದದ್ದು. 1665ರ ಲಂಡನ್ ಪ್ಲೇಗಿನ ಕಥನ. ಅದರ ನಿರೂಪಕನೂ ಹಿಟ್ಟಿನ ಮೂಟೆ ತಂದು ಮನೆಯಲ್ಲೇ ರೊಟ್ಟಿ ಸುಡುತ್ತಾನೆ, ಉಪ್ಪು ಹಾಕಿದ ಬೆಣ್ಣೆ ಮತ್ತು ಚೀಸು ಕೂಡಿಡುತ್ತಾನೆ. ಸಾಮಾನು ತರಲು ದಿನಾ ಬೀದಿಗಿಳಿದದ್ದೇ ನಗರವನ್ನು ಹಾಳುಮಾಡಿತೆಂಬುದು ಅವನ ಎಣಿಕೆ. ಬೇಗ ಕೂಡಿಟ್ಟವನು ಆಮೇಲೆ ಸಾಲಿನಲ್ಲಿ ಒಬ್ಬನಷ್ಟು ಜಾಗ ಬಿಟ್ಟುಕೊಡುತ್ತಾನೆ. ಇದ್ದಾಗ ತಂದಿಟ್ಟದ್ದು ದೂರಾಲೋಚನೆ. ಇಲ್ಲವಾಗುತ್ತಿದೆ ಎಂದು ಕೇಳಿ, ಬೇಡದಿದ್ದರೂ ಓಡಿಹೋಗಿ ತಂದದ್ದು ಇನ್ನೊಬ್ಬರ ತಟ್ಟೆಯದು. ವಸ್ತು ಒಂದೇ, ಬೆಲೆಯೂ ಒಂದೇ. ತಂದ ದಿನ ಮಾತ್ರ ಬೇರೆ. ಅಜ್ಜನ ಹನ್ನೊಂದು ಕೇಪುಗಳಿಗೂ ನಮ್ಮ ಹದಿನಾಲ್ಕು ಲೀಟರಿಗೂ ಇರುವ ವ್ಯತ್ಯಾಸ ಇಷ್ಟೇ. ಇಷ್ಟಾದರೂ ಅದು ದೊಡ್ಡದು.

2024ರ ಜುಲೈ 1ರಂದು ಹೊಸ ಸಂಹಿತೆ ಜಾರಿಗೆ ಬಂದಾಗ ಆ ಉಪಕಲಮನ್ನು ಮಾತ್ರ ಹೊರಗಿಟ್ಟಿದ್ದರು. ನ್ಯೂಟೌನಿನ ನಂತರದ ಅಮೆರಿಕದ ಪ್ರಸ್ತಾಪದಂತೆಯೇ, ನಮ್ಮನ್ನು ಸಾಲಿನಲ್ಲಿ ನಿಲ್ಲಿಸಿದ ಕಾನೂನೂ ಅಂದು ಬರಲಿಲ್ಲ. ಬಂದದ್ದು ನಮ್ಮ ಭಯ ಮಾತ್ರ. ಅದರ ಬೆಲೆ ತೆತ್ತವಳು ನಾವು ಮುಖ ಕಂಡಿರದ, ಮನೆಯಲ್ಲಿ ಚಿಕ್ಕ ಮಗುವಿದ್ದ ಒಬ್ಬ ನರ್ಸ್.

ಮೇಲಿನ ಮನೆಯ ಹುಡುಗಿಗೆ ಅಂದಿನ ನಮ್ಮ ತುಂಬಿದ ಟ್ಯಾಂಕಿನ ವಿಷಯ ಇಂದಿಗೂ ಹೇಳಿಲ್ಲ. ಹೇಳಿದರೆ "ಅಯ್ಯೋ ಬಿಡಿ ಅಂಕಲ್" ಎಂದು ನಕ್ಕುಬಿಡುತ್ತಾಳೆಂದು ಗೊತ್ತು; ಅಷ್ಟು ಸುಲಭವಾಗಿ ಕ್ಷಮೆ ಪಡೆಯಲು ಮನಸ್ಸು ಒಪ್ಪಿಲ್ಲ. ಈಗ ತಿಂಗಳ ಮೊದಲ ಭಾನುವಾರ, ಬಂಕು ಖಾಲಿಯಿರುವ ಬೆಳಗಿನ ಹೊತ್ತು, ಕಾರಿಗೆ ಪೆಟ್ರೋಲು ಹಾಕಿಸುತ್ತೇವೆ. 'ಸಿಗುವುದಿಲ್ಲವಂತೆ' ಎಂಬ ಮಾತು ಮುಂದೊಂದು ದಿನ ಮತ್ತೆ ಬಂದೇ ಬರುತ್ತದೆ. ಅಂದು ಕಾರಿನ ಕೀಲಿಯನ್ನು ಕೈಗೆತ್ತಿಕೊಳ್ಳುವ ಮೊದಲು ಮೇಲಿನ ಮಹಡಿಗೆ ಹೋಗಿ, "ಇವತ್ತು ನಿಮ್ಮದು ರಾತ್ರಿ ಪಾಳಿಯೇ?" ಎಂದು ವಿಚಾರಿಸಬೇಕೆಂದುಕೊಂಡಿದ್ದೇವೆ.