ಬಾರ್ಸೆಲೋನಾದ ಬೀದಿಯಲ್ಲಿ ನೆನಪಾದ ಮೈಂದರ್ಗಿ

ಅಕ್ಕಲಕೋಟೆಯಿಂದ ದುಧನಿಯ ಕಡೆಗೆ ಸಾಗುವ ರಸ್ತೆ ನಮ್ಮ ಮೈಂದರ್ಗಿಯನ್ನು ಹಾದುಹೋಗುತ್ತದೆ. ಬಸ್ಸಿನ ಫಲಕ ಮರಾಠಿಯದು, ಇಳಿದವರ ಮಾತು ಕನ್ನಡ. ಫಲಕದ ಮೇಲೆ ‘ಸೋಲಾಪೂರ’ ಎಂದಿದ್ದರೆ ನಮ್ಮ ಹಿರಿಯರ ಬಾಯಲ್ಲಿ ಅದು ‘ಸೊಲ್ಲಾಪುರ’. ಬಾಲ್ಯದಿಂದಲೂ ಕಂಡ ಈ ಸಂಗತಿಯ ಅರ್ಥ ನನಗೆ ಹೊಳೆದದ್ದು ದೂರದ ಸ್ಪೇನ್ ದೇಶದ ಬಾರ್ಸೆಲೋನಾ ನಗರದಲ್ಲಿ.

ಸೋದರಳಿಯನ ಮನೆಗೆಂದು ಅಲ್ಲಿಗೆ ಹೋಗಿದ್ದೆ. ಮೋಟಾರು ಅಪಘಾತ ಪರಿಹಾರದ ದಾವೆಗಳನ್ನು ನಡೆಸುವ ವಕೀಲನಾದ ನನಗೆ, ಊರ ಬೀದಿಯಲ್ಲಿಯೇ ಮೋಟಾರು ಪಂದ್ಯ ನಡೆದ ಸ್ಥಳವನ್ನು ನೋಡುವ ಕುತೂಹಲವಿತ್ತು. ನಗರದ ವಾಯವ್ಯ ಭಾಗದ ಪೆಡ್ರಾಲ್ಬೆಸ್ ಬಡಾವಣೆಯ ರಸ್ತೆಗಳನ್ನು ಜೋಡಿಸಿ ಸುಮಾರು 6.3 ಕಿಲೋಮೀಟರಿನ ಒಂದು ಸುತ್ತನ್ನು ರಚಿಸಿದ್ದರು. 1951ರ ಅಕ್ಟೋಬರ್ 28ರಂದು ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ಪಿನ ಕೊನೆಯ ಪಂದ್ಯ ನಡೆದದ್ದು ಇಲ್ಲಿಯೇ. ಒಟ್ಟು ಎಪ್ಪತ್ತು ಸುತ್ತು. ಅರ್ಜೆಂಟೀನಾದ ಫಾಂಜಿಯೊ ಆಲ್ಫಾ ರೋಮಿಯೊ ಕಾರಿನಲ್ಲಿ, ಇಟಲಿಯ ಅಸ್ಕಾರಿ ಫೆರಾರಿಯಲ್ಲಿ. ಫೆರಾರಿಯವರು ಆರಿಸಿದ ಚಿಕ್ಕ ಚಕ್ರಗಳ ಟೈರುಗಳು ಓಟದ ರಭಸವನ್ನು ತಾಳದೆ ಕಿತ್ತುಹೋದವು. ಅಸ್ಕಾರಿ ನಾಲ್ಕನೆಯವನಾದ; ಫಾಂಜಿಯೊ ಗೆದ್ದು, ತನ್ನ ಐದು ವಿಶ್ವ ಪ್ರಶಸ್ತಿಗಳಲ್ಲಿ ಮೊದಲನೆಯದನ್ನು ಪಡೆದ. 1954ರಲ್ಲಿ ಇನ್ನೊಮ್ಮೆ ಇಲ್ಲಿ ಪಂದ್ಯ ನಡೆಯಿತು. ಮರುವರ್ಷ ಫ್ರಾನ್ಸಿನ ಲೆ ಮಾನ್‌ನಲ್ಲಿ ಕಾರೊಂದು ಪ್ರೇಕ್ಷಕರ ನಡುವೆ ಸಿಡಿದು ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಆ ಬಳಿಕ ಪೆಡ್ರಾಲ್ಬೆಸ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ ಪಂದ್ಯ ನಡೆಯಲಿಲ್ಲ.

ಕಾರುಗಳು ಅತಿವೇಗದಿಂದ ಓಡಿದ ನೇರ ರಸ್ತೆಯ ಅಂಚಿನಲ್ಲಿ ನಾನು ನಿಂತಿದ್ದೆ. ವಿದ್ಯಾರ್ಥಿಗಳು ಟ್ರಾಮಿಗಾಗಿ ಕಾಯುತ್ತಿದ್ದರು. ಪಂದ್ಯದ ಗುರುತೊಂದೂ ನನ್ನ ಕಣ್ಣಿಗೆ ಬೀಳಲಿಲ್ಲ. ಆದರೆ ಫಲಕದ ಮೇಲಿನ ‘ದಿಯಾಗೊನಾಲ್’ ಎಂಬ ಹೆಸರು ನನ್ನನ್ನು ತಡೆದು ನಿಲ್ಲಿಸಿತು. ಪಂದ್ಯದ ಕಾಲದಲ್ಲಿ ಈ ರಸ್ತೆಗೆ ಸರ್ವಾಧಿಕಾರಿ ಫ್ರಾಂಕೊನ ಹೆಸರಿತ್ತು. ಅಲ್ಲಿಯ ಜನರ ಕಟಲಾನ್ ಭಾಷೆಯನ್ನು ಶಾಲೆಯಿಂದಲೂ ಕಚೇರಿಯಿಂದಲೂ ಹೊರಗಿಟ್ಟಿದ್ದ ಕಾಲವದು. ಫಲಕ ಬದಲಾಯಿತು, ಬಾಯಿ ಬದಲಾಗಲಿಲ್ಲ. ಜನರು ‘ದಿಯಾಗೊನಾಲ್’ ಎನ್ನುತ್ತಲೇ ಇದ್ದರು. ಫ್ರಾಂಕೊ ಸತ್ತದ್ದು 1975ರಲ್ಲಿ. 1979ರಲ್ಲಿ ಆ ಹಳೆಯ ಹೆಸರು ಫಲಕಕ್ಕೆ ಮರಳಿತು.

ಇದನ್ನು ಕೇಳಿ ನಮ್ಮ ಸ್ಥಿತಿಯೂ ಹಾಗೆಯೇ ಎಂದುಬಿಡುವುದು ನ್ಯಾಯವಲ್ಲ. ನಮಗೆ ಸಂವಿಧಾನವಿದೆ. ಭಾಷೆಯನ್ನೂ ಲಿಪಿಯನ್ನೂ ಕಾಪಾಡಿಕೊಳ್ಳುವ ಹಕ್ಕನ್ನು 29ನೆಯ ವಿಧಿ ಕೊಟ್ಟಿದೆ. 1956ರ ತಿದ್ದುಪಡಿಯಿಂದ ಸೇರಿದ 350–ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಹೇಳುತ್ತದೆ. ಮೈಂದರ್ಗಿಯ ಯಾವ ಬೀದಿಯಲ್ಲೂ ಕನ್ನಡ ಮಾತಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಹಕ್ಕು ಕೊಡುವ ಕಾನೂನು ನಮ್ಮ ಪರವಾಗಿ ತಾನೇ ಮಾತಾಡಲಾರದು.

ಆ ಬೀದಿಯಲ್ಲಿ ನಿಂತು ನಾನು ನನ್ನ ಮೇಲೆಯೇ ಪಾಟೀಸವಾಲು ನಡೆಸಿದೆ. ಕಕ್ಷಿದಾರರೊಡನೆ ಕನ್ನಡ, ಕೋರ್ಟಿನ ಕಾಗದಗಳಲ್ಲಿ ಮರಾಠಿ. ಇದು ವೃತ್ತಿಯ ಅಗತ್ಯ, ಮರಾಠಿಯೂ ನನಗೆ ಪ್ರಿಯವೇ. ಆದರೆ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿರುವ ನನ್ನ ಮಗಳು ‘ಸೋಲಾಪೂರ’ ಎನ್ನುತ್ತಾಳೆ. ಅವಳಿಗೆ ಕನ್ನಡ ಅಕ್ಷರ ಬಾರದು. ಆ ಶಾಲೆಗೆ ಅವಳನ್ನು ಸೇರಿಸಿದವನು ಯಾವ ಸರ್ವಾಧಿಕಾರಿಯೂ ಅಲ್ಲ, ನಾನು. ಈ ಪ್ರಶ್ನೆಗೆ ನನ್ನ ಬಳಿ ಪ್ರತಿವಾದವಿರಲಿಲ್ಲ.

ಊರಿಗೆ ಮರಳಿದಂದಿನಿಂದ ಪ್ರತಿ ಭಾನುವಾರ ಈ ಪತ್ರಿಕೆಯ ತಲೆಬರಹಗಳನ್ನು ಅವಳಿಂದ ಓದಿಸುತ್ತಿದ್ದೇನೆ. ಒತ್ತಕ್ಷರಗಳಲ್ಲಿ ಅವಳು ಇನ್ನೂ ಎಡವುತ್ತಾಳೆ. ಕಳೆದ ವಾರ ‘ಸೊಲ್ಲಾಪುರ’ ಎಂಬ ಪದ ಬಂದಾಗ ‘ಲ್ಲಾ’ದ ಬಳಿ ತುಸು ನಿಂತಳು, ಅಜ್ಜಿ ಒಳಗಿನಿಂದ ಉಚ್ಚರಿಸಿ ತೋರಿಸಿದರು, ಮಗಳು ಮತ್ತೊಮ್ಮೆ ಓದಿದಳು.