ಸೋರುವ ಕಿವಿ, ಸವೆಯುವ ಎಲುಬು

ದೀಕ್ಷೆಯ ವೇಳೆ ಗುರುವು ಶಿಷ್ಯನ ಕಿವಿಯಲ್ಲಿ ಮಂತ್ರವನ್ನು ಉಪದೇಶಿಸುವುದು ನಮ್ಮ ಪರಂಪರೆ. ಆದರೆ ಆ ಕಿವಿಯ ಆರೋಗ್ಯದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಉದಾಸೀನವೇ ಹೆಚ್ಚು. ಕುಂದಗೋಳ ತಾಲೂಕಿನ ನಮ್ಮ ಕುಬಿಹಾಳದಂತಹ ಎರೆಭೂಮಿಯ ಹಳ್ಳಿಗಳಲ್ಲಿ, ಮಗುವಿನ ಕಿವಿ ಸೋರಿದರೆ “ದೊಡ್ಡವನಾದ ಮೇಲೆ ತಾನೇ ನಿಲ್ಲುತ್ತದೆ” ಎಂಬ ಸಮಾಧಾನವನ್ನು ನಾವು ಕೇಳುತ್ತಲೇ ಬಂದಿದ್ದೇವೆ. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯ ಹನಿ, ಮೇಲೊಂದು ಅರಳೆಯ ಉಂಡೆ. ಅಲ್ಲಿಗೆ ಚಿಕಿತ್ಸೆ ಮುಗಿಯಿತು. ನೋವಿಲ್ಲವಲ್ಲ, ಅವಸರವೇನು ಎಂಬುದು ಹಿರಿಯರ ವಾದ. ನೋವಿಲ್ಲದಿರುವುದೇ ಈ ಬೇನೆಯ ಮೋಸ.

ಕಿವಿಯ ತಮಟೆಯ ಹಿಂದೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಎಲುಬುಗಳಿವೆ. ರಿಕಾಪು ಸುಮಾರು 3 ಮಿಲಿಮೀಟರಿನಷ್ಟು. ದೇಹದಲ್ಲಿಯೇ ಅತಿ ಚಿಕ್ಕ ಎಲುಬು. ತಮಟೆಯ ಕಂಪನವನ್ನು ಒಳಗಿವಿಗೆ ಮುಟ್ಟಿಸುವ ಸೇತುವೆಯಿದು. ಮಧ್ಯಕಿವಿಯ ಸೋಂಕು ಬಹುಕಾಲ ನಿಂತರೆ, ಅಲ್ಲಿಯ ಉರಿಯೂತವು ಎಲುಬನ್ನು ಕರಗಿಸುವ ಜೀವಕೋಶಗಳನ್ನು ಕೆರಳಿಸುತ್ತದೆ. ಕೆಲವರಲ್ಲಿ ತಮಟೆಯ ಚರ್ಮವು ಒಳಸರಿದು ಚೀಲದಂತಾಗಿ, ಸತ್ತ ಚರ್ಮದ ಪದರುಗಳು ಅದರಲ್ಲಿ ಶೇಖರವಾಗುತ್ತವೆ. ವೈದ್ಯರು ಕೊಲೆಸ್ಟಿಯಾಟೋಮ ಎನ್ನುವ ಈ ಗಂಟು ಕ್ಯಾನ್ಸರ್ ಅಲ್ಲ. ಆದರೂ ಬೆಳೆದಂತೆಲ್ಲ ಸುತ್ತಲಿನ ಎಲುಬನ್ನು ಸವೆಸುತ್ತದೆ. ಸಾಮಾನ್ಯವಾಗಿ ಮೊದಲು ತುತ್ತಾಗುವುದು ಅಡಿಗಲ್ಲಿನ ತೆಳುವಾದ ತುದಿ. ಸೇತುವೆ ಮುರಿದೊಡನೆ ಶ್ರವಣ ಕುಂದುತ್ತದೆ. ಸವೆತ ಮುಂದುವರಿದು ಮುಖದ ನರವನ್ನು ಮುಟ್ಟಿದರೆ ಮುಖ ಸೊಟ್ಟಗಾಗಬಹುದು. ಒಳಗಿವಿಯನ್ನು ಮುಟ್ಟಿದರೆ ತಲೆ ಸುತ್ತಬಹುದು. ಮೇಲಿನ ತೆಳು ಎಲುಬು ಕರಗಿ ಸೋಂಕು ಮಿದುಳಿಗೆ ಹಬ್ಬಿದರೆ ಪ್ರಾಣಕ್ಕೇ ಸಂಚಕಾರ.

ಕರಗಿದ ಈ ಪುಟ್ಟ ಎಲುಬುಗಳು ಮರಳಿ ಬೆಳೆಯವು. ಶಸ್ತ್ರಚಿಕಿತ್ಸೆಯಲ್ಲಿ ಗಂಟನ್ನು ತೆಗೆದು, ತಮಟೆಗೆ ತೇಪೆ ಹಾಕಿ, ಮೃದ್ವಸ್ಥಿಯಿಂದಲೋ ಟೈಟಾನಿಯಮ್ಮಿನ ತುಣುಕಿನಿಂದಲೋ ಸೇತುವೆಯನ್ನು ಮತ್ತೆ ಕಟ್ಟಬಹುದು. ಆದರೆ ಮೊದಲಿನ ಶ್ರವಣ ಪೂರ್ತಿ ಮರಳುವ ಭರವಸೆಯಿಲ್ಲ. ಬೇಗ ಹೋದಷ್ಟೂ ಉಳಿಯುವುದು ಹೆಚ್ಚು.

ಸವಾಯಿ ಗಂಧರ್ವರು ಗಂಗೂಬಾಯಿ ಹಾನಗಲ್ ಅವರಿಗೆ ಸಂಗೀತ ಕಲಿಸಿದ ಕುಂದಗೋಳ ನಮ್ಮ ತಾಲೂಕಿನ ಕೇಂದ್ರ. ಕೇಳಿ ಕಲಿಯುವ ವಿದ್ಯೆಯ ಬೆಲೆ ನಮಗೆ ತಿಳಿಯದ್ದಲ್ಲ. ಶಾಲೆಯಲ್ಲಿ ದಡ್ಡನೆನಿಸಿಕೊಂಡ ಹುಡುಗನು ಪಾಠ ಕೇಳಿಸದವನೂ ಆಗಿರಬಹುದು.

ಆದುದರಿಂದ ತಾಯಂದಿರಲ್ಲಿ ನಮ್ಮ ಬಿನ್ನಹವಿಷ್ಟು: ಸೋರುವ ಕಿವಿಗೆ ಎಣ್ಣೆ ಹಾಕಬೇಡಿರಿ, ಕಡ್ಡಿ ತೂರಿಸಬೇಡಿರಿ, ಸ್ನಾನದ ನೀರು ಒಳಹೋಗಗೊಡಬೇಡಿರಿ. ಎರಡು ವಾರ ಕಳೆದರೂ ಸೋರುವುದು ನಿಲ್ಲದಿದ್ದರೆ, ಅಥವಾ ಕೀವು ದುರ್ವಾಸನೆ ಬೀರಿದರೆ, ಕಿವಿಯ ತಜ್ಞರಲ್ಲಿಗೆ ಕರೆದೊಯ್ಯಿರಿ. 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ನಮಗೆ ದೂರದ್ದಲ್ಲ. ಸುಗ್ಗಿ ಮುಗಿಯಲೆಂದು ಮಾತ್ರ ಕಾಯಬೇಡಿರಿ. ಎಲುಬಿನ ಸವೆತಕ್ಕೆ ಸುಗ್ಗಿಯ ಬಿಡುವಿಲ್ಲ.