ಒಳ್ಳೆ ಹಾವು

ಅನುವಾದದಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಹೆಚ್ಚಿನವುಗಳಿಂದ ಯಾರಿಗೂ ಏನೂ ಆಗಿಲ್ಲ. ಒಂದರಿಂದ ಮಾತ್ರ ಆಗಬಹುದಿತ್ತು. ಅದು ನನಗೆ ಗೊತ್ತಾದದ್ದು ಚೆನ್ನೈನಿಂದ ಮಹಾಬಲಿಪುರದ ಕಡೆ ಹೋಗುವ ಸಮುದ್ರದಂಚಿನ ರಸ್ತೆಯಲ್ಲಿ, ವಡನೆಮ್ಮೇಲಿಯ ಮೊಸಳೆ ಬ್ಯಾಂಕಿನಲ್ಲಿ.

ಆ ವಾರ ಹಾವು ಕಡಿತದ ಬಗ್ಗೆ ಒಂದು ಕರಪತ್ರವನ್ನು ತಮಿಳಿನಿಂದ ಕನ್ನಡಕ್ಕೆ ಮಾಡಿಕೊಟ್ಟಿದ್ದೆ. ಗಡಿಯ ಹಳ್ಳಿಗಳಲ್ಲಿ ಹಂಚುವುದಕ್ಕೆ. ಎರಡೇ ಪುಟ, ಕಡಿಮೆ ದುಡ್ಡು, ಬೆಳಗಾಗುವುದರೊಳಗೆ ಬೇಕು. ಬೆಳಗಾಗುವುದರೊಳಗೆ ಕೊಟ್ಟೆ. ಶನಿವಾರ ಗೆಳತಿಯ ಮಗನನ್ನು ಕರೆದುಕೊಂಡು ಮೊಸಳೆ ನೋಡಲು ಹೊರಟೆ.

ರೋಮುಲಸ್ ವಿಟೇಕರ್ ಮತ್ತು ಜೊತೆಗಾರರು 1976ರಲ್ಲಿ ಕಟ್ಟಿದ ಜಾಗ ಅದು. ಬಾಯಿ ತೆರೆದುಕೊಂಡು ಅಲ್ಲಾಡದೆ ಬಿದ್ದಿರುವ ಮೊಸಳೆಗಳನ್ನು ಕಂಡು ಹುಡುಗ, 'ಇವು ಬೊಂಬೆಗಳಾ ಆಂಟಿ?' ಎಂದ. ಮೈ ಬಿಸಿ ಹೆಚ್ಚಾದಾಗ ಅವು ಹಾಗೆ ಬಾಯಿ ತೆರೆಯುತ್ತವೆ ಎಂದು ಹೇಳಿ ಮುಂದೆ ನಡೆದೆ. ಅದೇ ಆವರಣದಲ್ಲಿ ಇರುಳರ ಸಹಕಾರ ಸಂಘದ ವಿಷ ತೆಗೆಯುವ ಕೇಂದ್ರವಿದೆ. ಹಿಂದೆ ಇರುಳರು ಹಾವಿನ ಚರ್ಮ ಮಾರಿ ಬದುಕುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯ ನಂತರ ಆ ವ್ಯಾಪಾರಕ್ಕೆ ತಡೆ ಬಿತ್ತು. ಹಾವನ್ನು ಕೊಲ್ಲದೆ ಅದೇ ವಿದ್ಯೆಯಿಂದ ಬದುಕಲು 1978ರಲ್ಲಿ ಈ ಸಂಘ ಹುಟ್ಟಿತು. ಅನುಮತಿ ಪಡೆದು ಹಾವು ಹಿಡಿಯುತ್ತಾರೆ, ಮೂರು ವಾರ ಇಟ್ಟುಕೊಂಡು ನಾಲ್ಕು ಸಲ ವಿಷ ತೆಗೆಯುತ್ತಾರೆ, ಗುರುತು ಮಾಡಿ ಕಾಡಿಗೆ ಬಿಡುತ್ತಾರೆ. ಆ ವಿಷವನ್ನು ಕುದುರೆಗಳಿಗೆ ಸ್ವಲ್ಪ ಸ್ವಲ್ಪವಾಗಿ ಚುಚ್ಚಿ, ಅವುಗಳ ರಕ್ತದಿಂದ ನಮ್ಮ ಆಸ್ಪತ್ರೆಗಳ ಪ್ರತಿವಿಷ ತಯಾರಾಗುತ್ತದೆ.

ಒಳಗೆ ಬಾಯಿಗೆ ಬಟ್ಟೆ ಕಟ್ಟಿದ ಮಣ್ಣಿನ ಮಡಕೆಗಳ ಸಾಲು. ವಯಸ್ಸಾದ ಇರುಳರೊಬ್ಬರು ಒಂದರ ಬಟ್ಟೆ ಬಿಚ್ಚಿ, ಕಬ್ಬಿಣದ ಕೋಲಿನಲ್ಲಿ ಹಾವನ್ನು ಎತ್ತಿ ನೆಲಕ್ಕೆ ಬಿಟ್ಟರು. ಅದು ಹೆಡೆ ಬಿಚ್ಚಿ ನಿಂತಿತು. 'ಇದು ನಲ್ಲ ಪಾಂಬು' ಎಂದರು.

ನನ್ನ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. ತಮಿಳರು ನಾಗರಹಾವಿಗೆ 'ನಲ್ಲ ಪಾಂಬು' ಅನ್ನುತ್ತಾರೆ. ನಲ್ಲ ಎಂದರೆ ಒಳ್ಳೆಯ. ಆರು ವರ್ಷದಿಂದ ಚೆನ್ನೈನಲ್ಲಿರುವ ನನಗೆ ಇದು ಗೊತ್ತಿಲ್ಲದ್ದಲ್ಲ. ಆದರೂ ಆ ರಾತ್ರಿ ಎರಡು ಗಂಟೆಗೆ ನನ್ನ ಕೈ 'ಒಳ್ಳೆ ಹಾವು' ಎಂದು ಹೊಡೆದಿತ್ತು. ನಮ್ಮ ಕಡೆ ಒಳ್ಳೆ ಎಂದರೆ ಗದ್ದೆಯಲ್ಲಿ, ಕೆರೆಯಲ್ಲಿ ಓಡಾಡುವ ವಿಷವಿಲ್ಲದ ನೀರು ಹಾವು.

ಭಯವಿರುವುದನ್ನು ಒಳ್ಳೆಯ ಹೆಸರಿನಿಂದ ಕರೆಯುವುದು ನಮಗೂ ಹೊಸದಲ್ಲ. ರಾತ್ರಿ ಹೊತ್ತು ನಮ್ಮ ಅಜ್ಜಿ ಹಾವು ಅನ್ನುತ್ತಲೇ ಇರಲಿಲ್ಲ, 'ಹುಳ' ಅನ್ನುತ್ತಿದ್ದಳು. ತರಗತಿಯಲ್ಲಾದರೆ ಇದು ಒಳ್ಳೆಯ ಉದಾಹರಣೆ. ಕರಪತ್ರದಲ್ಲಿ ಹಾಗಲ್ಲ.

ನಾನು ಎಂಟು ವರ್ಷದವಳಿದ್ದಾಗ ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ, ಮುಸ್ಸಂಜೆ ಹೊತ್ತು, ಕೊನೆಗೌಡನ ಕಾಲಿಗೆ ಹಾವು ಕಚ್ಚಿತು. ಟಾರ್ಚ್ ಹಿಡಿದು ಎಲ್ಲರೂ ಹಾವು ಹುಡುಕಿದರು. ಮಂಡಲ ಅಂತ ಒಬ್ಬರು, ಅಲ್ಲ ಅಂತ ಇನ್ನೊಬ್ಬರು. ಅಪ್ಪ ಹೇಳಿದ್ದು ಈಗಲೂ ಕಿವಿಯಲ್ಲಿದೆ: 'ಒಳ್ಳೆ ಇರ್ಬೇಕು ಮಾರಾಯ, ಹೆದರ್ಬೇಡ.' ಧೈರ್ಯ ಹೇಳಲೆಂದೇ ಹೇಳಿದ್ದು. ಜೀಪು ಬರುವ ಹೊತ್ತಿಗೆ ಕಾಲು ಊದಿತ್ತು. ಆತ ಶಿವಮೊಗ್ಗ ತಲುಪಲಿಲ್ಲ. ಅಪ್ಪ ಆ ಮಾತನ್ನು ಮತ್ತೆ ಎಂದೂ ಎತ್ತಲಿಲ್ಲ.

ಪ್ರದರ್ಶನ ಮುಗಿದ ಮೇಲೆ ಆ ಹಿರಿಯರ ಹತ್ತಿರ ಹೋಗಿ, ಕತ್ತಲೆಯಲ್ಲಿ ಕಚ್ಚಿದ್ದು ಯಾವ ಹಾವೆಂದು ತಿಳಿಯುವುದು ಹೇಗೆ ಎಂದು ಕೇಳಿದೆ. 'ನಮಗೆ ಜಾಡು ನೋಡಿದರೆ ಗೊತ್ತಾಗುತ್ತದಮ್ಮ' ಎಂದರು. 'ಆದರೆ ಕಚ್ಚಿಸಿಕೊಂಡವನು ಯಾಕೆ ಹುಡುಕಬೇಕು? ಈ ನಾಲ್ಕಕ್ಕೂ ಮದ್ದು ಒಂದೇ ಬಾಟಲಿಯಲ್ಲಿದೆ.' ನಾಲ್ಕು ಎಂದರೆ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ನಮ್ಮ ದೇಶದ ಪ್ರತಿವಿಷ ಈ ನಾಲ್ಕರ ವಿಷಕ್ಕೂ ಸೇರಿಸಿ ಮಾಡಿದ್ದು. ಕಾಳಿಂಗ ಸರ್ಪದಂಥ ಕೆಲವು ಅದರಲ್ಲಿಲ್ಲ. ಆದರೂ ವೈದ್ಯರು ಲಕ್ಷಣ ನೋಡಿಯೇ ಚಿಕಿತ್ಸೆ ಮಾಡುತ್ತಾರೆ. ಕಟ್ಟುಹಾವು ಕಚ್ಚಿದರೆ ಹಲವು ಸಲ ನೋವೂ ಇರುವುದಿಲ್ಲ, ಊತವೂ ಇರುವುದಿಲ್ಲ. ಆಮೇಲೆ ರೆಪ್ಪೆ ಇಳಿಯುತ್ತದೆ, ಉಸಿರು ಕಟ್ಟುತ್ತದೆ. ನೋವಿಲ್ಲ ಎಂದು ಮಲಗಿದವರು ಏಳದೇ ಹೋಗಬಹುದು.

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆಂದು ಒಂದು ಅಧ್ಯಯನದ ಅಂದಾಜು. ಆಸ್ಪತ್ರೆಗಳು ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕೆಂದು ಕರ್ನಾಟಕ ನಿಯಮ ತಂದದ್ದು 2024ರಲ್ಲಿ.

ಹೊರಗೆ ಬಂದು ಏಜೆನ್ಸಿಗೆ ಫೋನ್ ಮಾಡಿದೆ. 'ಒಂದೇ ಪದ ತಾನೇ ಮೇಡಂ? ಮುಂದಿನ ಮುದ್ರಣದಲ್ಲಿ ಸರಿ ಮಾಡೋಣ' ಎಂದರು. ಪುಣ್ಯಕ್ಕೆ ಅಚ್ಚಿಗೆ ಹೋಗುವುದು ಸೋಮವಾರವಿತ್ತು. ನಾನು ಬಿಡಲಿಲ್ಲ. ಮೂಲ ಬರೆದ ವೈದ್ಯರನ್ನು ಫೋನಿನಲ್ಲಿ ಹಿಡಿದು, ಅವರು ಒಪ್ಪಿದ ಮೇಲೆ 'ಒಳ್ಳೆ ಹಾವು' ತೆಗೆದು 'ನಾಗರಹಾವು' ಮಾಡಿದೆ. ಹಾವುಗಳ ಹೆಸರು, ಚಿತ್ರ ಎಲ್ಲವನ್ನೂ ಎರಡನೇ ಪುಟಕ್ಕೆ ಕಳಿಸಿದೆವು. ಮೊದಲ ಪುಟದ ಮೊದಲ ಸಾಲು ಈಗ ಹೀಗಿದೆ: 'ಯಾವ ಹಾವೆಂದು ಹುಡುಕಬೇಡಿ. ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಚ್ಚಿದ ಜಾಗ ಅಲ್ಲಾಡದಂತೆ ಇಟ್ಟುಕೊಂಡು ಕೂಡಲೇ ಆಸ್ಪತ್ರೆಗೆ ಹೊರಡಿ.'

ಅಚ್ಚಾದ ಒಂದು ಪ್ರತಿಯನ್ನು ಅಪ್ಪನಿಗೆ ಕಳಿಸಿದ್ದೆ. ಏನೂ ಹೇಳಲಿಲ್ಲ. ಹೋದ ಸಲ ಊರಿಗೆ ಹೋದಾಗ ನೋಡಿದೆ, ಅಡಿಕೆ ಸುಲಿಯುವ ಚಪ್ಪರದ ಕಂಬಕ್ಕೆ, ಎಲ್ಲರ ಕಣ್ಣಿಗೂ ಬೀಳುವಷ್ಟು ಎತ್ತರದಲ್ಲಿ ಅಂಟಿಸಿದ್ದರು.